ಬಲಕ್ಕೆ ತಿರುಗಿದಾಗ ಮಾತ್ರ

ಫೆಬ್ರುವರಿ 2, ಸೋಮವಾರ

ಕಾರಿನಲ್ಲಿ ಒಂದು ಸದ್ದು ಬರುತ್ತಿದೆ. ಟಕ್, ಟಕ್, ಟಕ್. ಯಾರೋ ಕಾರಿನ ಹೊಟ್ಟೆಯೊಳಗೆ ಕೂತು ಅಡಿಕೆ ಕತ್ತರಿಸುತ್ತಿರುವ ಹಾಗೆ. ಮನೆಯಲ್ಲಿ ನನ್ನೊಬ್ಬಳಿಗೇ ಕೇಳಿಸುತ್ತದೆ.

ಶನಿವಾರ ಪದ್ಮಶ್ರೀಗೆ ಲಸಿಕೆ ಹಾಕಿಸಿಕೊಂಡು ಬರುವಾಗ, ಬಾಗಲಕೋಟೆಯ ನಮ್ಮ ನವನಗರದ ಸರ್ಕಲ್ ಸುತ್ತುವಲ್ಲಿ ಮೊದಲು ಕೇಳಿತು. ನಾನು ಎಂದಿನಂತೆ ಹಿಂದಿನ ಸೀಟಿನಲ್ಲಿದ್ದೆ. ಒಂದು ಕೈಯಲ್ಲಿ ಕೂಸಿನ ಸೀಟು, ಇನ್ನೊಂದು ಕೈಯಲ್ಲಿ ಬಾಗಿಲ ಮೇಲಿನ ಹಿಡಿಕೆ. ಕಾರು ನಡೆಸುತ್ತಿದ್ದ ಇವರಿಗೆ, ನನ್ನ ಗಂಡನಿಗೆ, ಹೇಳಿದೆ. ಅಮರೇಶ ರೇಡಿಯೋ ಸಣ್ಣ ಮಾಡಿ "ಎಲ್ಲಿ?" ಎನ್ನುವಷ್ಟರಲ್ಲಿ ರಸ್ತೆ ನೇರವಾಗಿತ್ತು, ಸದ್ದು ನಿಂತಿತ್ತು.

"ಭುವನಾ, ಇಳಕಲ್ಲಾಗ ನಿಮ್ಮಪ್ಪನ ಮಗ್ಗದ ಬಾಜೂಕ ಬಾಣಂತನ ಮಾಡಿಸ್ಕೊಂಡು ಬಂದಿ. ಅದ ನಿನ್ನ ಕಿವ್ಯಾಗ ಕುಂತೈತಿ."

ಇರಬಹುದು. ತವರಿನಲ್ಲಿ ನನ್ನ ಹಾಸಿಗೆಗೂ ಮಗ್ಗಕ್ಕೂ ನಡುವೆ ಒಂದು ಹಳೆಯ ಸೀರೆಯ ಪರದೆ ಮಾತ್ರ ಇತ್ತು. ಆದರೆ ಇತಿಹಾಸದ ಉಪನ್ಯಾಸಕಿಯಾದ ನನಗೂ ಇಷ್ಟು ಗೊತ್ತಿದೆ: ಯಾವ ಮಗ್ಗವೂ ಬಲಕ್ಕೆ ತಿರುಗಿದಾಗ ಮಾತ್ರ ಸದ್ದು ಮಾಡುವುದಿಲ್ಲ.

ಇಳಕಲ್ಲಿನಿಂದ ಗಂಡನ ಮನೆಗೆ ಬಂದಂದಿನಿಂದ ಕೂಸು ಮಲಗಿಲ್ಲ. ಮಲಗುತ್ತದೆ, ಸೀನು ಬಂದಷ್ಟು ಹೊತ್ತು. ಮಾರ್ಚ್ ಎರಡಕ್ಕೆ ನನ್ನ ರಜೆ ಮುಗಿಯುತ್ತದೆ. ಪ್ರಿನ್ಸಿಪಾಲರು ಬಹಳ ಮರ್ಯಾದೆಯಿಂದ ಹೇಳಿದ್ದಾರೆ, ಇನ್ನು ವಿಸ್ತರಿಸಲು ಆಗುವುದಿಲ್ಲ, ಬೇರೆಯವರನ್ನು ತೆಗೆದುಕೊಳ್ಳಬೇಕಾಗುತ್ತದೆ. ಈ ಕೂಸನ್ನು ಹೀಗೆ ಅತ್ತೆಯ ಕೈಗೆ ಕೊಟ್ಟು ಹೋಗಲಾರೆ. ಹೋಗದೆಯೂ ಇರಲಾರೆ. ಬರೆದರೆ ನಿದ್ದೆ ಬರುತ್ತದೆ ಎಂದು ಎಲ್ಲೋ ಓದಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ. ಬರುತ್ತಿಲ್ಲ.

ಫೆಬ್ರುವರಿ 5, ಗುರುವಾರ

ಇವರು ರಜೆ ಹಾಕಿದರು, ಬಾದಾಮಿಗೆ ಹೋಗಿ ಬಂದೆವು. ಬನಶಂಕರಿಗೆ ಕೂಸಿನ ಮೊದಲ ದರ್ಶನ.

ಹೊರಡುವ ಮೊದಲು ಅತ್ತೆಯದೊಂದು ಪದ್ಧತಿ ಇದೆ. ಸಾವಿತ್ರೆವ್ವನವರು ಕಾಡಿಗೆಯ ಡಬ್ಬಿ ತೆರೆದು ಕೂಸಿನ ಗಲ್ಲಕ್ಕೊಂದು, ಅಂಗಾಲಿಗೊಂದು ದೃಷ್ಟಿಬೊಟ್ಟು ಇಡುತ್ತಾರೆ. ಆಮೇಲೆ ಅದೇ ಬೆರಳಿನಲ್ಲಿ ಕಾರಿನ ಎಡಗಡೆಯ ಮುಂದಿನ ಗಾಲಿಗೂ ಒಂದು.

"ಗಾಲಿಗ್ಯಾಕ್ರಿ ಅತ್ತಿ?"

"ಅದು ಗಾಡಿಯ ಅಂಗಾಲಲ್ಲೇನ? ಊರ ಮಂದಿ ಕಣ್ಣು ಮೊದಲು ಗಾಡಿ ಮ್ಯಾಲ ಬೀಳ್ತೈತಿ, ಆಮ್ಯಾಲ ಕೂಸಿನ ಮ್ಯಾಲ."

ತರ್ಕ ಸರಿಯಾಗಿದೆ. ನಿದ್ದೆ ಕೆಟ್ಟವರಿಗೆ ಎಲ್ಲ ತರ್ಕವೂ ಸರಿಯಾಗಿರುತ್ತದೆ.

ಬಾಗಲಕೋಟೆಯಿಂದ ಬಾದಾಮಿಯವರೆಗೂ ಪದ್ಮಶ್ರೀ ಕಿರುಚಿದಳು. ಊರೊಳಗಿನ ಓಣಿಗಳಲ್ಲಿ ಕಾರು ಹೊರಳತೊಡಗಿತು. ಟಕ್, ಟಕ್. "ಕೇಳ್ರಿ, ಈಗ ಕೇಳ್ರಿ" ಎಂದೆ. ಇವರು "ಏನ ಕೇಳ್ಲಿ, ಕೂಸಿನ ಸದ್ದ ಬಂದ್ ಆಗೈತಿ, ಅದ ಕೇಳಾಕತ್ತೇನಿ" ಎಂದರು. ನೋಡಿದರೆ ಕೂಸು ಬಾಯಿ ತೆರೆದುಕೊಂಡು ಮಲಗಿತ್ತು. ದೇವಿಯ ಮಹಿಮೆ ಎಂದರು ಅತ್ತೆ. ಗುಡಿ ಮುಟ್ಟುವಷ್ಟರಲ್ಲಿ ಎದ್ದಿತು. ಅದು ಯಾರ ಮಹಿಮೆಯೋ ಅವರು ಹೇಳಲಿಲ್ಲ.

ಫೆಬ್ರುವರಿ 8, ಭಾನುವಾರ

ಹಟ ಹಿಡಿದು ಕಾರನ್ನು ಯಾಕೂಬಸಾಬರ ಗ್ಯಾರೇಜಿಗೆ ಒಯ್ಯಿಸಿದೆ. ಮಾವ ಇದ್ದಾಗಿನಿಂದ ನಮ್ಮ ಮನೆಯ ಎಲ್ಲ ಗಾಡಿಗಳನ್ನೂ ಅವರೇ ನೋಡುತ್ತ ಬಂದವರು. ಬಾನೆಟ್ಟು ಎತ್ತಿದರು, ಟೈರಿನ ಗೀರಿನಿಂದ ಹರಳು ತೆಗೆದರು, ಇವರನ್ನು ಪಕ್ಕ ಕೂರಿಸಿಕೊಂಡು ಹೆದ್ದಾರಿಯಲ್ಲಿ ಒಂದು ಓಟ ಹೋಗಿ ಬಂದರು. ನೇರ ರಸ್ತೆ.

"ಅಕ್ಕಾರ, ಬೆಣ್ಣಿ ಹಂಗ ಓಡ್ತೈತಿ ಗಾಡಿ."

"ಬಲಕ್ಕ ತಿರುಗಿದಾಗ ಮಾತ್ರ ಬರತೈತ್ರಿ, ಚಾಚಾ."

"ಹಂಗಾರ ಎಡಕ್ಕ ತಿರುಗ್ರಿ."

ಇವರಿಬ್ಬರೂ ನಕ್ಕರು. ಯಾಕೂಬಸಾಬರು ನಗುತ್ತಲೇ ಮುಂದಿನ ಗಾಲಿಯ ಹತ್ತಿರ ಬಗ್ಗಿ, "ಇದೇನ್ರಿ ಇಲ್ಲಿ ಕರ್ರಗ?" ಎಂದರು. ನಾನು ಅತ್ತೆಯ ಬೊಟ್ಟಿನ ವಿಷಯ ಹೇಳಿದೆ. ಅವರು ಚಾಚಿದ್ದ ಕೈ ಹಿಂದೆ ತೆಗೆದುಕೊಂಡರು. "ಅಮ್ಮಾರು ಇಟ್ಟದ್ದಾದ್ರ ನಾ ಒರಸಂಗಿಲ್ರಿ," ಎಂದು ಅತ್ತ ಎದ್ದು ಹೋದರು.

ಸದ್ದು ಹಾಗೇ ಇದೆ.

ಫೆಬ್ರುವರಿ 11, ಬುಧವಾರ

ಇವತ್ತು ನಾನು ಕಾರು ನಡೆಸಿದೆ. ಉದ್ದೇಶವೇನೂ ಇರಲಿಲ್ಲ. ಬಸುರಿಯಾದಾಗಿನಿಂದ ಸ್ಟಿಯರಿಂಗ್ ಮುಟ್ಟಿರಲಿಲ್ಲ, ನಿದ್ದೆಗೆಟ್ಟ ಮೇಲಂತೂ ಧೈರ್ಯವೇ ಇಲ್ಲ. ಇವರು ನೀರಾವರಿಯ ಕೆಲಸದ ಮೇಲೆ ಆಫೀಸಿನ ಜೀಪಿನಲ್ಲಿ ರಾಮಥಾಳಕ್ಕೆ ಹೋಗಿದ್ದರು. ಕೂಸು ಬೆಳಗಿನಿಂದ ಅತ್ತು ಅತ್ತು ಕೆಂಪಗಾಗಿತ್ತು. ಅತ್ತೆ ತೊಟ್ಟಿಲು ತೂಗಿದರು, ಬಜೆ ತೇಯ್ದರು, ಜೋಗುಳ ಹಾಡಿದರು, ಕೊನೆಗೆ ಕೂಸಿನ ಜೊತೆ ತಾವೂ ಅಳುವ ಹಾಗಾದರು.

"ಬಾದಾಮ್ಯಾಗ ಗಾಡ್ಯಾಗ ಮಲಗಿತ್ತಲ್ಲ. ನಡಿ, ಸರ್ಕಲ್ ತನಕ ಒಯ್ಯು."

"ಅತ್ತಿ, ನನಗ ಆಗಂಗಿಲ್ಲ."

"ನನಗೂ ಆಗಂಗಿಲ್ಲ. ಇಬ್ಬರಾಗ ಲೈಸೆನ್ಸ ಇದ್ದದ್ದು ನಿನಗ."

ಎರಡನೇ ಗೇರಿನಲ್ಲಿ ಹೋದೆ. ಸೈಕಲ್ಲುಗಳು ದಾಟಿ ಹೋದವು. ಒಂದು ಎಮ್ಮೆ ದಾಟಿ ಹೋಯಿತು. ಸರ್ಕಲ್ ಬಂತು, ಬಲಕ್ಕೆ ಹೊರಳಿಸಿದೆ. ಟಕ್, ಟಕ್, ಟಕ್. ಹಿಂದೆ ಅಳು ನಿಂತಿತು. ನೇರ ರಸ್ತೆಗೆ ಬಂದೆ, ಅಳು ಶುರುವಾಯಿತು. ಮತ್ತೆ ಸರ್ಕಲ್ಲಿಗೆ ಹೋದೆ, ನಿಂತಿತು. ಆಮೇಲೆ ನಾನು ಸರ್ಕಲ್ ಬಿಟ್ಟು ಹೊರಗೆ ಬರಲೇ ಇಲ್ಲ. ಅತ್ತೆ ಸುತ್ತು ಎಣಿಸುತ್ತಿದ್ದರು, ಎಣಿಸುತ್ತ ಎಣಿಸುತ್ತ ಅವರಿಗೂ ನಿದ್ದೆ ಬಂದಿತು. ಮೊಮ್ಮಗಳು, ಅಜ್ಜಿ, ಇಬ್ಬರೂ ಒಂದೇ ಕಡೆಗೆ ಕತ್ತು ವಾಲಿಸಿ ಮಲಗಿದ್ದನ್ನು ಕನ್ನಡಿಯಲ್ಲಿ ನೋಡಿ ನನಗೆ ತಡೆಯಲಾರದ ನಗು ಬಂದಿತು. ಒಬ್ಬಳೇ ನಗುತ್ತ ಸುತ್ತುತ್ತಿದ್ದೆ.

ಮೂಲೆಯಲ್ಲಿ ಚಹಾ ಮಾರುವ ನೀಲಪ್ಪ ಸೌಟು ಹಿಡಿದುಕೊಂಡೇ ರಸ್ತೆಯಂಚಿಗೆ ಬಂದು ಕೇಳಿದ: "ಅಕ್ಕಾರ, ಹರಕಿ ಏನ್ರಿ?"

ಎಚ್ಚರಾದಾಗ ಅತ್ತೆ ಕಣ್ಣುಜ್ಜಿಕೊಂಡು ಹೇಳಿದ ಮಾತು ಬರೆದಿಡಬೇಕು. "ಖರೆ ಐತಿ ಬಿಡವ್ವ. ಟಕ್ ಟಕ್ ಅಂತೈತಿ." ನನ್ನ ಕಣ್ಣು ತುಂಬಿತು. ನಾನು ಹುಚ್ಚಿಯಲ್ಲ.

ಫೆಬ್ರುವರಿ 15, ಭಾನುವಾರ

ಶಿವರಾತ್ರಿ. ಊರಿನವರೆಲ್ಲ ಇವತ್ತೊಂದು ರಾತ್ರಿ ಜಾಗರಣೆ ಮಾಡುತ್ತಾರಂತೆ. ಹವ್ಯಾಸಿಗಳು.

ಫೆಬ್ರುವರಿ 17, ಮಂಗಳವಾರ

ಈಗ ಸದ್ದು ಎಲ್ಲರಿಗೂ ಕೇಳಿಸುತ್ತದೆ. ಯಾರಿಗೂ ಅದನ್ನು ಹೋಗಿಸುವ ಮನಸ್ಸಿಲ್ಲ.

"ರಿಪೇರಿ ಮಾಡಿಸಿದ್ರ ನಿದ್ದಿ ಎಲ್ಲಿಂದ ತರೂದು?" ಎನ್ನುತ್ತಾರೆ ಇವರು. ದಿನವೂ ಬೆಳಿಗ್ಗೆ ಜೀಪು ಬರುವ ತನಕ ಇವರೇ ಸರ್ಕಲ್ ಸುತ್ತುತ್ತಾರೆ. ಮಧ್ಯಾಹ್ನದ ಪಾಳಿ ನನ್ನದು. ನೀಲಪ್ಪ ಈಗ ಕಿಟಕಿಯಲ್ಲೇ ಚಹಾ ಕೊಡುತ್ತಾನೆ. ಒಂದು ಸುತ್ತಿನಲ್ಲಿ ಕಪ್ಪು ತೆಗೆದುಕೊಳ್ಳುತ್ತೇನೆ, ಮುಂದಿನ ಸುತ್ತಿನಲ್ಲಿ ಖಾಲಿ ಕಪ್ಪು ಕೊಡುತ್ತೇನೆ.

ಆದರೆ ನನಗೆ ಗಾಲಿಯದೇ ಧ್ಯಾನ. ಮುಂದಿನ ಗಾಲಿ ಕಳಚಿ, ನಮ್ಮನ್ನು ದಾಟಿ, ಘಟಪ್ರಭೆಯ ಹಿನ್ನೀರಿನ ಕಡೆಗೆ ತಾನೊಂದೇ ಉರುಳಿಕೊಂಡು ಹೋಗುವುದು ಕಣ್ಣಿಗೆ ಕಟ್ಟುತ್ತದೆ. ಹಿಂದೆ ಕೂಸು ಹಾಯಾಗಿ ಮಲಗಿರುತ್ತದೆ. ಕೂಸು ಯಾವುದಕ್ಕೆ ಮಲಗುತ್ತದೋ ಅದಕ್ಕೇ ನಾನು ಹೆದರುತ್ತೇನೆ. ಇದಕ್ಕೆ ಯಾವ ಡಾಕ್ಟರರ ಹತ್ತಿರ ಹೋಗಬೇಕು?

ಮೇಲಾಗಿ, ಮಾರ್ಚ್ ಎರಡರಿಂದ ಮಧ್ಯಾಹ್ನದ ಪಾಳಿ ಯಾರದು? ಅತ್ತೆಗೆ ಕಾರು ಬರುವುದಿಲ್ಲ.

ಫೆಬ್ರುವರಿ 20, ಶುಕ್ರವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಬುಧವಾರ ಅತ್ತೆ ಹುನಗುಂದಕ್ಕೆ ತಂಗಿಯ ಮನೆಗೆ ಹೋದರು. ನಿನ್ನೆ ನಾನು ಕಾರು ತೊಳೆದೆ. ಗಾಲಿಯ ಮೇಲಿನ ಬೊಟ್ಟು ದಿನದಿನಕ್ಕೆ ದೊಡ್ಡದಾಗಿ ಈಗ ಅಂಗೈಯಗಲ ಹಬ್ಬಿತ್ತು. ಅತ್ತೆ ನೋಡುವುದಿಲ್ಲವಲ್ಲ ಎಂದು, ಮನಸ್ಸಿನಲ್ಲೇ ಕ್ಷಮೆ ಕೇಳಿ, ಸೋಪು ಹಚ್ಚಿ ಒರೆಸಿಬಿಟ್ಟೆ. ಮಧ್ಯಾಹ್ನ ಎಂದಿನಂತೆ ಸರ್ಕಲ್.

ಬೆಳಿಗ್ಗೆ ನೋಡಿದರೆ ಬೊಟ್ಟು ಮತ್ತೆ ಬಂದಿದೆ.

ಹುನಗುಂದಕ್ಕೆ ಫೋನು ಮಾಡಿದೆ.

"ಅತ್ತಿ, ಗಾಲಿಗೆ ಬೊಟ್ಟು ಇಟ್ಟೀರೇನ್ರಿ?"

"ಯವ್ವಾ, ನಾ ಹುನಗುಂದದಾಗ ರೊಟ್ಟಿ ಬಡಿಯಾಕತ್ತೇನಿ. ಇಲ್ಲಿಂದ ಹೆಂಗ ಇಡ್ಲಿ, ಫೋನಿನ್ಯಾಗ?" ಆಮೇಲೆ ದನಿ ತಗ್ಗಿಸಿ, "ನೀ ಒಂದೀಟು ಮಲಗು, ನಮ್ಮವ್ವ" ಎಂದರು.

ಮಲಗಲಿಲ್ಲ. ನೆಲಕ್ಕೆ ಗೋಣಿಚೀಲ ಹಾಸಿ, ಮಲಗಿಯೇ ನೋಡಿದೆ ಎನ್ನಬಹುದು, ಕಾರಿನ ಕೆಳಗೆ ತಲೆ ತೂರಿಸಿ. ಗಾಲಿಯ ಒಳಮೈಯೆಲ್ಲ ಕರಿ ಜಿಡ್ಡು. ಗಾಲಿಗೆ ಬಂದು ಸೇರುವ ಸರಳಿನ ತುದಿಯಲ್ಲಿ ಒಂದು ರಬ್ಬರಿನ ಚೀಲ, ನೆರಿಗೆ ನೆರಿಗೆಯಾಗಿ, ಲಂಗದ ಹಾಗೆ. ಅದು ಹರಿದು ಬಾಯಿ ಬಿಟ್ಟಿತ್ತು. ಜಿಡ್ಡು ಬರುತ್ತಿದ್ದದ್ದು ಅಲ್ಲಿಂದ. ಅತ್ತೆಯ ಬೊಟ್ಟೆಂದು ನಾವೆಲ್ಲ ಭಕ್ತಿಯಿಂದ ಬಿಟ್ಟದ್ದರಲ್ಲಿ ಅತ್ತೆಯದು ಒಂದು ಬೆರಳಿನಷ್ಟು, ಉಳಿದದ್ದೆಲ್ಲ ಕಾರಿನದು.

ಕೂಸಿನ ಸೀಟಿಗೆ ಬೆಲ್ಟು ಬಿಗಿದು ಸೀದಾ ಗ್ಯಾರೇಜಿಗೆ ಹೋದೆ. ಯಾಕೂಬಸಾಬರು ರಂಜಾನಿನ ರೋಜಾ ಹಿಡಿದಿದ್ದರು, ಆಗಷ್ಟೇ ನಮಾಜು ಮುಗಿಸಿ ಬಂದಿದ್ದರು. ನನ್ನ ಮೊಣಕೈಯವರೆಗಿನ ಕಪ್ಪು ನೋಡಿ ಕುರ್ಚಿಯಿಂದ ಎದ್ದರು.

"ಅಕ್ಕಾರ, ಏನಾತು?"

"ಚಾಚಾ, ಅದು ಬೊಟ್ಟಲ್ರಿ. ಗ್ರೀಸು."

ಅವರು ಗಾಲಿಯನ್ನು ಮೂಸಿ ನೋಡಿದರು. ಗ್ಯಾರೇಜಿನ ಹಿಂದಿನ ಖಾಲಿ ಜಾಗಕ್ಕೆ ಕರೆದೊಯ್ದು, "ಸ್ಟಿಯರಿಂಗ್ ಪೂರಾ ಬಲಕ್ಕ ತಿರುವಿ, ಒಂದನೇ ಗೇರಿನ್ಯಾಗ ಗೋಲ ಹೊಡೀರಿ" ಎಂದರು. ನಾನು ಗೋಲ ಹೊಡೆದೆ. ಅವರು ಸೊಂಟ ಬಗ್ಗಿಸಿ, ಕಿವಿ ಗಾಲಿಗೆ ಕೊಟ್ಟು, ಪಕ್ಕದಲ್ಲೇ ಓಡುತ್ತ ಬಂದರು. ಟಕ್ ಟಕ್ ಟಕ್. ಬಿಳಿ ಟೋಪಿ ಕೆಳಗೆ ಬಿತ್ತು. ಎತ್ತಿಕೊಳ್ಳಲಿಲ್ಲ. ಎಷ್ಟು ಹದವಾಗಿ ಬರುತ್ತಿತ್ತು ಸದ್ದು ಎಂದರೆ, ಕೂಸು ನಿದ್ದೆಯಲ್ಲೇ ನಕ್ಕಿತು.

"ಸಾಕ್ರಿ, ಸಾಕ್ರಿ," ಎಂದು ಏದುಸಿರು ಬಿಡುತ್ತ ನಿಂತರು. "ಎಡಗಡೆ ಎಕ್ಸಲ್ಲಿನ ಜಾಯಿಂಟು. ಒಳಗ ಗುಂಡು ಇರತಾವು. ರಬ್ಬರು ಹರದು ಗ್ರೀಸು ಹ್ವಾದ ಮ್ಯಾಲ ಧೂಳು ಹೊಕ್ಕು ಗುಂಡಿನ ಹಾದಿ ಸವದೈತಿ. ಬಲಕ್ಕ ಹೊಳ್ಳಿದಾಗ ಭಾರ ಎಡಗಡೆ ಬೀಳ್ತೈತಲ್ಲ, ಆವಾಗ ಒದರತೈತಿ. ಮೊನ್ನೇನ ಕೈ ಹಚ್ಚಿ ನೋಡಿದ್ರ ಗೊತ್ತಾಗತಿತ್ತು. ಅಮ್ಮಾರ ಬೊಟ್ಟಂತ ಹೆದರಿಬಿಟ್ಟೆ."

"ಹಂಗ ಬಿಟ್ರ?"

"ನಡದಷ್ಟು ದಿನ ನಡೀತೈತಿ. ನಿಂತ್ರ ನಡು ಹಾದ್ಯಾಗ ನಿಲ್ತೈತಿ. ಯಾವ ದಿನ ಅಂತ ನಾ ಹೇಳಾಕ ಬರಂಗಿಲ್ಲ." ಆಮೇಲೆ ಕಿಟಕಿಯಲ್ಲಿ ಇಣುಕಿ ಕೂಸನ್ನು ನೋಡಿದರು. "ಮಲಗೇತಿ ಪಾಪ. ಬದಲ ಮಾಡ್ಲ್ಯಾ? ನೀವ ಹೇಳ್ರಿ."

ನಾನು ಕೂಸಿನ ಮುಖ ನೋಡಿದೆ, ಗಾಲಿ ನೋಡಿದೆ. ಮಾಡಿರಿ ಎಂದೆ. ಸಾಮಾನು ಹುಬ್ಬಳ್ಳಿಯಿಂದ ಬರಬೇಕು, ಸೋಮವಾರ ಕೂರಿಸುತ್ತಾರೆ.

ಇವರಿಗೆ ಹೇಳಿದಾಗ, "ಗ್ಯಾರೇಜಿಗೆ ಗಾಡಿ ಯಾರು ಒಯ್ದ್ರು?" ಎಂದರು. ನಾನೇ, ಮತ್ಯಾರು, ಎಂದೆ. ವಿಚಿತ್ರ ಪ್ರಶ್ನೆ.

ಫೆಬ್ರುವರಿ 24, ಮಂಗಳವಾರ

ಕಾರು ಈಗ ಬೆಣ್ಣೆಯ ಹಾಗೆ ಓಡುತ್ತದೆ. ಎಡಕ್ಕೆ, ಬಲಕ್ಕೆ, ಎಲ್ಲಿ ತಿರುಗಿದರೂ ನಿಶ್ಶಬ್ದ.

ಕೂಸು ಕಿರುಚುತ್ತದೆ.

ಸರ್ಕಲ್ ಸುತ್ತಿದೆ. ಇನ್ನೂ ಸುತ್ತಿದೆ. ನಾನೇ ನಾಲಿಗೆಯಿಂದ ಟಕ್ ಟಕ್ ಎಂದೆ, ನಾಲಿಗೆ ಸೋತಿತು. ನೀಲಪ್ಪ ಕಿಟಕಿಯ ಹತ್ತಿರ ಬಂದು, "ಇವತ್ತ ದೇವರು ಒಲಿಯವಲ್ಲ ಏನ್ರಿ?" ಎಂದ. ಅವನ ಚಹಾ ಕುಡಿಯದೆ ಬಂದುಬಿಟ್ಟೆ.

ಹಳೆಯ ಜಾಯಿಂಟನ್ನು ಯಾಕೂಬಸಾಬರು ಪೇಪರಿನಲ್ಲಿ ಸುತ್ತಿ ಹಿಂದಿನ ಸೀಟಿನ ಕೆಳಗೆ ಇಟ್ಟಿದ್ದಾರೆ. ತೆಗೆದ ಸಾಮಾನು ಮಾಲೀಕರಿಗೆ ಕೊಡುವುದು ಅವರ ಪದ್ಧತಿ. "ಕಣ್ಣಿಲೆ ಕಂಡ್ರ ನಂಬಿಕಿ. ಇಲ್ಲಂದ್ರ ಸಾಬ ಹಳೇದ ತೊಳದು ಕೂಡಿಸಿದಾ ಅಂತೀರಿ." ಗುಜರಿಗೆ ಹಾಕಬೇಕು.

ಸರಿಯಾದದ್ದನ್ನು ಮಾಡಿದೆ. ಸರಿಯಾದದ್ದನ್ನು ಮಾಡಿದ್ದಕ್ಕೇ ಕೆಲಸ ಹೋಗುತ್ತದೆ. ಗುರುವಾರ ಪ್ರಿನ್ಸಿಪಾಲರಿಗೆ ಫೋನು ಮಾಡಿ ಬರುವುದಿಲ್ಲ ಎಂದು ಹೇಳಿಬಿಡುತ್ತೇನೆ.

ಫೆಬ್ರುವರಿ 25, ಬುಧವಾರ

ಫೋನು ಮಾಡುವುದಿಲ್ಲ. ಮಾಡುವುದೇ ಇಲ್ಲ.

ಅತ್ತೆಯನ್ನು ಕರೆತರಲು ಹುನಗುಂದಕ್ಕೆ ಹೋಗಿದ್ದೆ. ಇವರಿಗೆ ರಾಮಥಾಳದಿಂದ ಬಿಡುವಾಗಲಿಲ್ಲ, ಅತ್ತೆಯ ಹತ್ತಿರ ಜೋಳದ ಚೀಲ ಇತ್ತು, ಬಸ್ಸಿಗೆ ಆಗುತ್ತಿರಲಿಲ್ಲ. ಹೋಗುವಾಗ ಪದ್ಮಶ್ರೀ ಅಳುತ್ತ ಬಂದಳು, ನಾನು ಅವಳಿಗೆ ಚಾಲುಕ್ಯರ ಪಾಠ ಮಾಡುತ್ತ ಹೋದೆ. ಲಾರಿಗಳನ್ನು ದಾಟುವಾಗ ಮಾತ್ರ ಪಾಠ ನಿಲ್ಲಿಸುತ್ತಿದ್ದೆ. ವಿಶೇಷವೇನೂ ಇಲ್ಲ.

ಬರುವಾಗ ಅತ್ತೆ ಹಿಂದೆ ಕೂತರು. ಊರು ದಾಟಿದ ಮೇಲೆ ಅವರ ಕಾಲಿಗೆ ಏನೋ ತಾಗಿತು.

"ಇದೇನವಾ ಕೆಳಗ, ತೆಂಗಿನಕಾಯಿ?"

"ಬಿಡ್ರಿ ಅತ್ತಿ, ಗ್ರೀಸ ಐತಿ, ಹಳೇ ಜಾಯಿಂಟು."

ಬಿಡುತ್ತಾರೆಯೇ? ಪೇಪರು ಬಿಚ್ಚಿದ ಸದ್ದಾಯಿತು. ಮುಷ್ಟಿಗಿಂತ ದೊಡ್ಡ ಕಬ್ಬಿಣದ ಬಟ್ಟಲು, ಒಳಗೆ ಗುಂಡುಗಳು, ನಡುವೆ ತೂತಿರುವ ಒಂದು ಬಳೆ. ಅತ್ತೆ ತೂತಿಗೆ ಹೆಬ್ಬೆರಳು ಹಾಕಿ ತಿರುವಿರಬೇಕು.

ಟಕ್.

ಅಳು ಅರ್ಧಕ್ಕೆ ನಿಂತಿತು. ನಾನು ಕನ್ನಡಿ ನೋಡಿದೆ, ಅತ್ತೆ ನನ್ನನ್ನು ನೋಡಿದರು.

ಟಕ್, ಟಕ್.

"ಅತ್ತಿ, ಬಿಡಬ್ಯಾಡ್ರಿ."

"ನೀ ಗಾಡಿ ನಿಲ್ಲಸಬ್ಯಾಡ. ನಡಿ, ನಡಿ."

ಅಲ್ಲಿಂದ ಬಾಗಲಕೋಟೆಯವರೆಗೂ ಸಾವಿತ್ರೆವ್ವನವರು, ತಂಗಿ ಉಡಿಸಿ ಕಳಿಸಿದ ಹೊಸ ಸೀರೆಯ ಸೆರಗಿಗೆ ಗ್ರೀಸು ಒರೆಸಿಕೊಳ್ಳುತ್ತ, ಕಬ್ಬಿಣ ತಿರುವುತ್ತ ಬಂದರು. ಕೂಸು ತುಟಿ ಸಡಿಲಿಸಿ ಮಲಗಿತ್ತು. ನಾನು ನೇರ ರಸ್ತೆಯಲ್ಲಿ ಹೋಗುತ್ತಿದ್ದೆ, ಹಿಂದೆ ಟಕ್ ಟಕ್ ಕೇಳುತ್ತಿತ್ತು, ನಗು ಹೊಟ್ಟೆಯಿಂದ ಉಕ್ಕಿ ಉಕ್ಕಿ ಬರುತ್ತಿತ್ತು. ಅತ್ತೆಯೂ ಸದ್ದಾಗದಂತೆ ನಗುತ್ತಿದ್ದರು, ಭುಜ ಮಾತ್ರ ಕುಣಿಯುತ್ತಿತ್ತು. ಮನೆ ಮುಟ್ಟಿದಾಗ ಅವರ ಮೂಗಿನ ಮೇಲೆ ಕರಿ ಬೊಟ್ಟು.

ಫೆಬ್ರುವರಿ 27, ಶುಕ್ರವಾರ

ಜಾಯಿಂಟನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿದ್ದೇವೆ. ಹೆಬ್ಬೆರಳು ನೋಯುತ್ತದೆಂದು ಅತ್ತೆ ನಡುವಿನ ತೂತಿಗೆ ಲಟ್ಟಣಿಗೆಯ ಹಿಡಿ ಬಡಿದು ಕೂರಿಸಿದ್ದಾರೆ. ತೊಟ್ಟಿಲ ಪಕ್ಕ ಕೂತು ತಿರುವಿದರೆ ಆಯಿತು. ಇನ್ನು ಮನೆಯಲ್ಲಿ ಚಪಾತಿ ಇಲ್ಲ, ಕೈಯಲ್ಲಿ ಬಡಿದ ರೊಟ್ಟಿ ಮಾತ್ರ. ಇವರೂ ಪಾಳಿ ಮಾಡುತ್ತಾರೆ. "ಇಂಜಿನಿಯರಿಂಗ್ ಓದಿದ್ದು ಸಾರ್ಥಕ ಆತು," ಎಂದು ಪಿಸುಗುಟ್ಟಿದರು.

ಮಧ್ಯಾಹ್ನ ಅವ್ವನ ಫೋನು ಬಂತು. ಅತ್ತೆ ತಿರುವುತ್ತಿದ್ದರು, ನಾನು ಪಕ್ಕದಲ್ಲೇ ಕೂತು ಮಾತಾಡಿದೆ. ಅವ್ವ ಮಾತು ನಿಲ್ಲಿಸಿ ಆಲಿಸಿದಳು.

"ಭುವನಾ, ನಿಮ್ಮ ಮನ್ಯಾಗ ಯಾರು ಮಗ್ಗ ಹೂಡ್ಯಾರ?"

ತವರಿನ ಕೋಣೆ ಕಣ್ಣ ಮುಂದೆ ಬಂತು. ಸೀರೆಯ ಪರದೆಯ ಆಚೆ ಅಪ್ಪ, ಈಚೆ ತೊಟ್ಟಿಲು. ಹುಟ್ಟಿದಂದಿನಿಂದ ಕೇಳಿದ ಸದ್ದನ್ನು ಬಿಡಿಸಿ ತಂದು, ನಿಶ್ಶಬ್ದವಾದ ಮನೆಯಲ್ಲಿ ಮಲಗು ಎಂದರೆ ಪಾಪ ಅದಕ್ಕೆಷ್ಟು ಹೆದರಿಕೆಯಾಗಿರಬೇಕು.

ಮಾರ್ಚ್ 2, ಸೋಮವಾರ

ಕಾಲೇಜಿಗೆ ಹೋಗಿ ಬಂದೆ. ಮಧ್ಯಾಹ್ನ ಫೋನು ಮಾಡಿದೆ. ಅತ್ತೆ ಎತ್ತಲಿಲ್ಲ. ಗಾಬರಿಯಿಂದ ಮತ್ತೆ ಮಾಡಿದೆ. "ಕೂಸು ಮಲಗೇತಿ, ನಾನೂ ಮಲಗೇನಿ, ನೀ ಯಾಕ ಎಬ್ಬಸಾಕತ್ತಿ?" ಎಂದು ಬೈದರು. ಎಂಥ ಸೊಗಸಾದ ಬೈಗುಳ.

ಮಾರ್ಚ್ 20, ಶುಕ್ರವಾರ

ಈ ದಿನಚರಿ ಕಪಾಟಿನ ಹಿಂದೆ ಬಿದ್ದಿತ್ತು, ಇವತ್ತು ಸಿಕ್ಕಿತು. ಹುಡುಕಿರಲಿಲ್ಲ.

ನಿನ್ನೆ ಯುಗಾದಿಗೆ ಎಲ್ಲರೂ ಇಳಕಲ್ಲಿಗೆ ಹೋಗಿ ಬಂದೆವು. ಹಬ್ಬವಾದ್ದರಿಂದ ಅಪ್ಪನ ಮಗ್ಗ ನಿಂತಿತ್ತು. ಹೋಳಿಗೆಗೆಂದು ಲಟ್ಟಣಿಗೆಯನ್ನು ಕಿತ್ತುಕೊಂಡ ಗದ್ದಲದಲ್ಲಿ ಜಾಯಿಂಟು ಮನೆಯಲ್ಲೇ ಉಳಿದಿತ್ತು. ಯಾರಿಗೂ ಅದರ ನೆನಪಾಗಲಿಲ್ಲ. ಪದ್ಮಶ್ರೀ ನಮ್ಮ ಊಟದ ಹೊತ್ತಿಗೆ ಮಲಗಿದಳು, ಹೊರಡುವ ಹೊತ್ತಿಗೆ ಎದ್ದಳು. ಈಗ ಬರೆಯುವಾಗ ಹೊಳೆಯುತ್ತಿದೆ.

ಹೊರಡುವಾಗ ಅತ್ತೆ ಗಾಲಿಗೆ ಬೊಟ್ಟು ಇಟ್ಟರು. ನಾನು ನಡೆಸಿದೆ. ಇವರು ಹಿಂದೆ ಕೂತಿದ್ದರು, ಒಂದು ಕೈಯಲ್ಲಿ ಕೂಸಿನ ಸೀಟು, ಇನ್ನೊಂದು ಕೈಯಲ್ಲಿ ಬಾಗಿಲ ಮೇಲಿನ ಹಿಡಿಕೆ. ಹುನಗುಂದ ದಾಟುವಾಗ ಕೇಳಿದರು:

"ಭುವನಾ, ಹಿಂದಿನ ಗಾಲ್ಯಾಗ ಕಿರ್ ಅಂತ ಏನೋ ಸದ್ದು ಬರಾಕತ್ತೈತಲ್ಲ?"

ನಾನು ರೇಡಿಯೋ ಸಣ್ಣ ಮಾಡಿ ಕೇಳಿದೆ. ಏನೂ ಇಲ್ಲ.

"ಅದು ನಿಮ್ಮ ಕಿವ್ಯಾಗ ಕುಂತೈತ್ರಿ," ಎಂದು ರೇಡಿಯೋ ದೊಡ್ಡ ಮಾಡಿದೆ.